ಗ್ಯಾಸ್ ತುಂಬಿಸುವ ಮುನ್ನ ತೂತು ಎಲ್ಲಿದೆ ಅಂತ ಕೇಳಿ!



ಬೇಸಿಗೆ ಕಾಲಿಟ್ಟರೆ ಬೆಂಗಳೂರಿನಲ್ಲಿ ಎರಡು ವ್ಯಾಪಾರ ಜೋರಾಗುತ್ತವೆ. ಒಂದು ಎಳನೀರು. ಇನ್ನೊಂದು ಕಾರಿನ ಎಸಿಗೆ ಗ್ಯಾಸ್ ತುಂಬುವುದು. ಎಳನೀರಿನವನು ನಿಮ್ಮ ಕಣ್ಣೆದುರೇ ಕಾಯಿ ಕೆತ್ತುತ್ತಾನೆ. ನೀರು ಕಡಿಮೆ ಬಂದರೆ ಜಗಳವಾಡಿ ಇನ್ನೊಂದು ಕೆತ್ತಿಸಿಕೊಳ್ಳಬಹುದು. ಆದರೆ ಗ್ಯಾಸಿನವನು ಏನು ತುಂಬಿದ? ಎಷ್ಟು ತುಂಬಿದ? ತುಂಬುವ ಅಗತ್ಯವಾದರೂ ಇತ್ತೇ? ಕೇಳುವವರೇ ಇಲ್ಲ! ‘ಕೂಲಿಂಗ್ ಬರ್ತಿಲ್ಲ’ ಅಂತ ನೀವು ಬಾಯಿ ಬಿಡುವುದೇ ತಡ, ಬಾನೆಟ್ ಕೂಡ ಎತ್ತದೆ ಉತ್ತರ ಬರುತ್ತದೆ: ‘ಗ್ಯಾಸ್ ಖಾಲಿ ಆಗಿದೆ ಸಾರ್’. ನೀವು ದುಡ್ಡು ಎಣಿಸುತ್ತೀರಿ. ಎರಡು ವಾರ ತಣ್ಣಗಿರುತ್ತದೆ. ಮೂರನೇ ವಾರ ಮತ್ತೆ ಅದೇ ಬಿಸಿಗಾಳಿ, ಅದೇ ಗ್ಯಾರೇಜು, ಅದೇ ಉತ್ತರ.

ಎಸಿ ಅಂದರೆ ಶ್ರೀಮಂತರ ಶೋಕಿ ಅನ್ನುವ ಕಾಲ ಹೋಯಿತು. ತಂಪಾದ ಊರೆಂದು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದ ಈ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿತ್ತು. ಇನ್ನು ಕಲಬುರಗಿ, ರಾಯಚೂರಿನವರಿಗೆ ನಲವತ್ತು ದಾಟುವುದು ಸುದ್ದಿಯೇ ಅಲ್ಲ. ಈ ಊರಿನ ಟ್ಯಾಕ್ಸಿ ಓಡಿಸುವ ಹುಡುಗರನ್ನು ಕೇಳಿ ನೋಡಿ. ಎಸಿ ಕೈಕೊಟ್ಟ ದಿನ ಹತ್ತಿದವರೆಲ್ಲ ಮುಖ ಸಿಂಡರಿಸುತ್ತಾರೆ, ಸ್ಟಾರ್ ಕಡಿಮೆ ಮಾಡುತ್ತಾರೆ, ದೂರು ಹಾಕುತ್ತಾರೆ. ಸಾಲದ ಕಂತು ಮಾತ್ರ ಆ ತಿಂಗಳೂ ತಪ್ಪದೆ ಬರುತ್ತದೆ. ಅಂಥವನು ವರ್ಷಕ್ಕೆ ಮೂರು ಸಲ ಗ್ಯಾಸ್ ತುಂಬಿಸುತ್ತಾನೆಂದರೆ ಅದು ಅವನ ಮಕ್ಕಳ ಫೀಸಿನಿಂದ ಹೋದ ಕಾಸು.

ಮೊದಲು ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂರಲಿ. ಎಸಿ ಗ್ಯಾಸು ಪೆಟ್ರೋಲ್ ಅಲ್ಲ. ಅದು ಉರಿಯುವುದಿಲ್ಲ, ಸವೆಯುವುದಿಲ್ಲ, ಓಡಿದಷ್ಟೂ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತಿದ್ದೇ ಸುತ್ತುವ ಸರಕು ಅದು. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಆ ಬಿಸಿಯನ್ನು ಹೊರಗೆ ಚೆಲ್ಲಿ ಅದನ್ನು ದ್ರವ ಮಾಡುತ್ತದೆ. ಆ ದ್ರವ ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಸಣ್ಣ ಕಿಂಡಿಯಲ್ಲಿ ತೂರಿ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ನಿಮ್ಮ ಕಾರಿನೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿ ನೀರನ್ನು ತಂಪು ಮಾಡುವ ಗುಟ್ಟೇ ಇದು, ಅಲ್ಲಿ ಕಂಪ್ರೆಸರ್ ಇಲ್ಲ ಅಷ್ಟೇ. ಆಮೇಲೆ ಆ ಆವಿ ಮತ್ತೆ ಕಂಪ್ರೆಸರ್‌ಗೆ. ಹಾಗಿದ್ದ ಮೇಲೆ ಗ್ಯಾಸ್ ‘ಖಾಲಿ’ ಆಗುವುದೆಲ್ಲಿಂದ ಬಂತು? ಖಾಲಿ ಆಗಿದ್ದರೆ ಎಲ್ಲೋ ಸೋರಿದೆ. ರಬ್ಬರ್ ಪೈಪು, ಶಾಫ್ಟಿನ ಸೀಲಿನ ಮೂಲಕ ವರ್ಷಗಳಲ್ಲಿ ಸ್ವಲ್ಪ ಜಿನುಗುವುದು ಸಹಜ, ಒಪ್ಪೋಣ. ಏಳೆಂಟು ವರ್ಷದ ಕಾರು ಒಮ್ಮೆ ಗ್ಯಾಸ್ ಕೇಳಿದರೆ ತಪ್ಪಲ್ಲ. ಪ್ರತಿ ಬೇಸಿಗೆ ಕೇಳಿದರೆ ಅದು ತೂತು ಬಿಂದಿಗೆ. ತೂತು ಬಿಂದಿಗೆಗೆ ನೀರು ತುಂಬುವವನಿಗೆ ಕೂಲಿ ಕೊಡುತ್ತಾ ಹೋದರೆ ಅವನು ತೂತು ಮುಚ್ಚುವುದೇಕೆ?

ಇನ್ನೊಂದು ಮಾತು. ಎಸಿ ತಣ್ಣಗಾಗದಿರಲು ಗ್ಯಾಸೇ ಕಾರಣವಾಗಬೇಕಿಲ್ಲ. ಗ್ಯಾರೇಜಿಗೆ ಹೋಗುವ ಮುನ್ನ ಹತ್ತು ನಿಮಿಷ ನೀವೇ ನೋಡಿ. ಸ್ಪ್ಯಾನರ್ ಬೇಡ, ಕಣ್ಣು, ಕಿವಿ, ಕೈ ಸಾಕು.

ಗಾಳಿ ಜೋರಾಗಿ ಬರುತ್ತಿದೆಯೇ? ಬ್ಲೋಯರ್ ನಾಲ್ಕಕ್ಕೆ ತಿರುಗಿಸಿದರೂ ಉಸಿರಾಡಿದಂತೆ ಬಂದರೆ ಮುಂದಿನ ಗ್ಲೋವ್ ಬಾಕ್ಸ್ ಬಿಚ್ಚಿ. ಹೆಚ್ಚಿನ ಕಾರುಗಳಲ್ಲಿ ಅದರ ಹಿಂದೆಯೇ ಎಸಿ ಫಿಲ್ಟರ್ ಇರುತ್ತದೆ. ಮೆಟ್ರೋ ಕಾಮಗಾರಿಯ ಧೂಳು, ಹೊಂಗೆ ಎಲೆ, ಕೆಲವೊಮ್ಮೆ ಇಲಿ ಕಟ್ಟಿದ ಗೂಡು, ಎಲ್ಲ ಅಲ್ಲೇ. ನಾವು ನೀವೇ ಕಿತ್ತು ಬದಲಿಸಬಹುದಾದ ಈ ಕಾಗದದ ತುಂಡಿಗಾಗಿ ಎಷ್ಟು ಜನ ಗ್ಯಾಸ್ ತುಂಬಿಸಿಕೊಂಡು ಬಂದಿದ್ದಾರೋ! ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ಗಾಳಿ ಬಂದು, ಒಂದು-ಎರಡು-ಮೂರರಲ್ಲಿ ಸತ್ತಂತಿದ್ದರೆ ಬ್ಲೋಯರಿನ ರೆಸಿಸ್ಟರ್ ಸುಟ್ಟಿದೆ. ಅದೂ ಗ್ಯಾಸಲ್ಲ.

ಗಾಳಿ ಚೆನ್ನಾಗಿದೆ, ತಣ್ಣಗಿಲ್ಲ ಎನ್ನುವುದಾದರೆ ಇಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ. ಎಚ್ಚರ! ದುಪಟ್ಟಾ, ಕತ್ತಿನ ಸರ, ಉದ್ದ ತೋಳು ಯಾವುದೂ ಬೆಲ್ಟಿನ ಹತ್ತಿರ ಹೋಗಬಾರದು. ಫ್ಯಾನ್ ತನ್ನಷ್ಟಕ್ಕೇ ತಿರುಗಲು ಶುರುವಾದೀತು. ಒಬ್ಬರು ಒಳಗೆ ಕೂತು ಎಸಿ ಬಟನ್ ಒತ್ತಲಿ. ಕಂಪ್ರೆಸರಿನ ಮುಂದಿನ ತಟ್ಟೆ ‘ಟಕ್’ ಅಂತ ಅಂಟಿಕೊಂಡು ತಿರುಗಬೇಕು. ಅದೇ ಮ್ಯಾಗ್ನೆಟ್ ಕ್ಲಚ್. ಪುಲ್ಲಿ ಯಾವಾಗಲೂ ತಿರುಗುತ್ತಲೇ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ, ತಟ್ಟೆಯನ್ನು ನೋಡಿ. ಟಕ್ ಇಲ್ಲವೇ? ಫ್ಯೂಸ್ ನೋಡಿ. ರಿಲೇ ನೋಡಿ. ಹಾರ್ನಿನ ರಿಲೇ ಅದೇ ನಂಬರಿನದಾಗಿದ್ದರೆ ಕಿತ್ತು ಅಲ್ಲಿಟ್ಟು ನೋಡಿ. ಎಸಿ ಓಡಿದರೆ ಪುಟ್ಟ ರಿಲೇಯಲ್ಲಿ ಕೆಲಸ ಮುಗಿಯಿತು. (ಹೊಸ ಕೆಲವು ಕಾರುಗಳಲ್ಲಿ ಕ್ಲಚ್ಚೇ ಇರುವುದಿಲ್ಲ, ಅಲ್ಲಿ ಈ ಸದ್ದಿಗೆ ಕಾಯಬೇಡಿ.)

ಈ ಕ್ಲಚ್ಚಿನದೇ ಒಂದು ಕಳ್ಳ ರೋಗವಿದೆ. ಬೆಳಿಗ್ಗೆ ಹೊರಟಾಗ ಐಸಿನಂಥ ಗಾಳಿ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ಬಿಸಿ. ಕಾರು ನಿಲ್ಲಿಸಿ, ಕಾಫಿ ಕುಡಿದು ಬಂದರೆ ಮತ್ತೆ ತಣ್ಣಗೆ! ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಸವೆದು ಅಗಲವಾಗಿರುತ್ತದೆ. ಕಾಯಿಲ್ ಬಿಸಿಯಾದಾಗ ಅದರ ಸೆಳೆತ ಕುಗ್ಗುತ್ತದೆ, ಅಷ್ಟು ದೂರದಿಂದ ತಟ್ಟೆಯನ್ನು ಎಳೆದುಕೊಳ್ಳಲಾರದು. ಆ ಸಂದು ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕಾದ್ದು. ಒಳಗಿನ ತೆಳು ವಾಷರ್ ಒಂದನ್ನು ತೆಗೆದು ಸಂದು ಕಿರಿದು ಮಾಡಿದರೆ ಎಷ್ಟೋ ಸಲ ಅಲ್ಲಿಗೆ ಗುಣ. ಇದಕ್ಕೆ ‘ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು’ ಅಂತ ಸಾವಿರಗಳ ಲೆಕ್ಕ ಹೇಳುವ ಧೀರರೂ ಇದ್ದಾರೆ.

ಹೆದ್ದಾರಿಯಲ್ಲಿ ತಣ್ಣಗೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಬಿಸಿ. ಇದು ಈ ಊರಿನ ಕಾಯಂ ದೂರು. ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಫ್ಯಾನ್ ತಣಿಸಬೇಕು. ಎಸಿ ಹಾಕಿದ ಮೇಲೆ ಮುಂದಿನ ಫ್ಯಾನ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ರೋಗ ಸಿಕ್ಕಿತು. ತಿರುಗುತ್ತಿದ್ದರೆ ಒಂದು ಮಗ್ ನೀರನ್ನು ಮುಂಭಾಗದ ಜಾಲರಿಯಿಂದ ಕಂಡೆನ್ಸರಿನ ಮೇಲೆ ನಿಧಾನವಾಗಿ ಸುರಿಯಿರಿ. ಒಂದೆರಡು ನಿಮಿಷದಲ್ಲಿ ಒಳಗೆ ತಂಪು ಏರಿದರೆ ಕಂಡೆನ್ಸರ್ ಬಿಸಿ ಬಿಡಲಾಗದೆ ಒದ್ದಾಡುತ್ತಿದೆ ಎಂದೇ ಅರ್ಥ. ಕೆಸರು, ಹುಳುಹುಪ್ಪಟೆ ಮೆತ್ತಿಕೊಂಡಿರಬಹುದು. ಮೆಲ್ಲಗೆ ತೊಳೆಸಿ. ವಾಟರ್ ವಾಷಿನವನು ಹೈ ಪ್ರೆಷರ್‌ನಲ್ಲಿ ಹೊಡೆದರೆ ಅದರ ತೆಳು ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇದಕ್ಕೆ ತದ್ವಿರುದ್ಧದ ರೋಗವೂ ಉಂಟು. ಮೈಸೂರು ರಸ್ತೆಯಲ್ಲಿ ಒಂದು ಗಂಟೆ ಚೆನ್ನಾಗಿ ಓಡಿ, ಆಮೇಲೆ ಗಾಳಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಎಸಿ ಆರಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಕೂಲಿಂಗ್ ಕಾಯಿಲ್ ಹೆಪ್ಪುಗಟ್ಟಿ ಗಾಳಿಗೆ ದಾರಿ ಇಲ್ಲದಂತಾಗಿರುತ್ತದೆ. ಕಂಪ್ರೆಸರನ್ನು ಸಕಾಲಕ್ಕೆ ನಿಲ್ಲಿಸಬೇಕಾದ ಸೆನ್ಸರ್ ಕೆಟ್ಟಿರಬಹುದು, ಇಲ್ಲವೇ ಮತ್ತೆ ಅದೇ ಕೊಳಕು ಫಿಲ್ಟರ್.

ಇನ್ನು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ. ಎಸಿ ಐದು ನಿಮಿಷ ಓಡಿದ ಮೇಲೆ, ಡ್ಯಾಶ್‌ಬೋರ್ಡಿನ ಗೋಡೆಯೊಳಗೆ ಹೋಗುವ ಎರಡು ಅಲ್ಯೂಮಿನಿಯಂ ಪೈಪುಗಳಿವೆಯಲ್ಲ, ಗೋಡೆಯ ಬಳಿಯೇ ಅವನ್ನು ಮುಟ್ಟಿ. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪನ್ನು ಮಾತ್ರ ಮುಟ್ಟಬೇಡಿ, ಸುಡುತ್ತದೆ. ಆ ಎರಡರಲ್ಲಿ ದಪ್ಪ ಪೈಪು ತಣ್ಣಗಿದ್ದು ಬೆವರುತ್ತಿರಬೇಕು, ಸಣ್ಣದು ಬೆಚ್ಚಗಿರಬೇಕು. ಕಂಪ್ರೆಸರ್ ತಿರುಗುತ್ತಿದ್ದರೂ ಎರಡೂ ಒಂದೇ ಬಿಸಿಯಲ್ಲಿದ್ದರೆ ಗ್ಯಾಸ್ ಇಲ್ಲ, ಇಲ್ಲವೇ ಕಂಪ್ರೆಸರ್ ಒತ್ತುತ್ತಿಲ್ಲ. ಆದರೆ ದಪ್ಪ ಪೈಪು ಐಸಿನ ಹಾಗಿದ್ದು, ಒಳಗೆ ಮಾತ್ರ ಬೆಚ್ಚನೆ ಗಾಳಿ ಬರುತ್ತಿದ್ದರೆ? ಎಸಿ ತನ್ನ ಕೆಲಸ ತಾನು ಮಾಡುತ್ತಿದೆ. ಡ್ಯಾಶ್‌ಬೋರ್ಡಿನೊಳಗೆ ಹೀಟರಿನ ಬಾಗಿಲು ಅರ್ಧ ತೆರೆದು ಕೂತಿದೆ. ಬಿಸಿಯೂ ತಂಪೂ ಬೆರೆತು ಬರುತ್ತಿದೆ. ಇಂಥ ಕಾರಿಗೆ ಗ್ಯಾಸ್ ತುಂಬುವುದು ಹಗಲು ದರೋಡೆ!

ಇಷ್ಟು ನೋಡಿಯೂ ಗ್ಯಾಸೇ ಕಡಿಮೆ ಎಂದು ಅನಿಸಿದರೆ ಪೈಪಿನ ಜಾಯಿಂಟುಗಳಲ್ಲಿ, ಕಂಪ್ರೆಸರಿನ ಮೂತಿಯಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದೆಯೇ ನೋಡಿ. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುತ್ತದೆ. ಗ್ಯಾಸ್ ಸೋರಿದಲ್ಲಿ ಎಣ್ಣೆ ಗುರುತು ಬಿಟ್ಟು ಹೋಗುತ್ತದೆ. ಕಳ್ಳ ಹೋದರೂ ಹೆಜ್ಜೆ ಉಳಿಯಿತು. ಆದರೆ ನೀವಾಗಿ ಯಾವ ನಟ್ಟನ್ನೂ ಸಡಿಲಿಸಬೇಡಿ. ಹೊರಚಿಮ್ಮುವ ಆ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲಿ ಕುದಿಯುವಂಥದ್ದು. ಬೆರಳು, ಕಣ್ಣು ಹೆಪ್ಪುಗಟ್ಟಿಸಿಬಿಡುತ್ತದೆ.

ಈಗ ಗ್ಯಾರೇಜಿಗೆ ಬನ್ನಿ. ಕೆಂಪು, ನೀಲಿ ಪೈಪಿನ ಗೇಜ್ ಸಿಕ್ಕಿಸಿ, ಇಂಜಿನ್ ಆರಿಸಿರುವಾಗಲೇ ‘ನೋಡಿ ಸಾರ್, ಇಷ್ಟಿದೆ’ ಅನ್ನುವವರನ್ನು ನಂಬಬೇಡಿ. ಮನೆಯ ಅಡಿಗೆ ಸಿಲಿಂಡರ್ ನೆನಪಿಸಿಕೊಳ್ಳಿ. ತುಂಬಿದ್ದಾಗಲೂ, ಕಾಲು ಭಾಗ ಉಳಿದಾಗಲೂ ಒಲೆ ಒಂದೇ ಸಮ ಉರಿಯುತ್ತದೆ. ಎಷ್ಟಿದೆ ತಿಳಿಯಲು ಅಮ್ಮ ಸಿಲಿಂಡರನ್ನೇ ಅಲ್ಲಾಡಿಸಿ ನೋಡುತ್ತಾಳೆ. ಇಲ್ಲೂ ಹಾಗೆಯೇ. ನಮ್ಮ ಹೆಚ್ಚಿನ ಕಾರುಗಳಲ್ಲಿರುವುದು ಆರ್-134ಎ ಎಂಬ ಗ್ಯಾಸು. ನಿಂತ ಕಾರಿನಲ್ಲಿ, 30 ಡಿಗ್ರಿ ಬಿಸಿಲಲ್ಲಿ ಗೇಜ್ ಸುಮಾರು 95ರಿಂದ 100 ಪಿಎಸ್‌ಐ ತೋರಿಸುತ್ತದೆ. ಒಳಗೆ ಒಂದು ಹನಿ ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಓಡುವಾಗಿನ ಲೆಕ್ಕವೇ ಲೆಕ್ಕ. ಎರಡೂ ಮುಳ್ಳು ಕೆಳಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಮೇಲಿದ್ದರೆ ಗ್ಯಾಸ್ ಜಾಸ್ತಿ ತುಂಬಿದೆ, ಒಳಗೆ ಗಾಳಿ ಸೇರಿದೆ, ಇಲ್ಲವೇ ಕಂಡೆನ್ಸರ್ ತಣಿಯುತ್ತಿಲ್ಲ. ನೀಲಿ ಮೇಲೆ, ಕೆಂಪು ಕೆಳಗೆ ಇದ್ದರೆ ಕಂಪ್ರೆಸರಿಗೆ ಒತ್ತುವ ಶಕ್ತಿಯಿಲ್ಲ. ನೀಲಿ ಸೊನ್ನೆಗೂ ಕೆಳಗಿಳಿದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ. ಗ್ಯಾಸ್ ಜಾಸ್ತಿ ಆದರೂ ತಂಪು ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿ. ‘ಇನ್ನೊಂದು ಸ್ವಲ್ಪ ಹಾಕು ಗುರು’ ಅಂತ ನಾವೇ ಹೇಳಿ ಕೆಡಿಸುವುದೂ ಉಂಟು.

ಎಷ್ಟು ಹಾಕಬೇಕೆಂಬುದು ಗುಟ್ಟೇನಲ್ಲ. ಬಾನೆಟ್ಟಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಯಾವ ಗ್ಯಾಸು, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಅದನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು, ಅಂದಾಜಿನಲ್ಲಲ್ಲ. ಹಳೆಯ ಗ್ಯಾಸನ್ನು ಯಂತ್ರ ಎಳೆದುಕೊಂಡಾಗ ಎಷ್ಟು ಗ್ರಾಂ ಬಂತು ಎಂದು ಕೇಳಿ. ಚೀಟಿಯಲ್ಲಿ 450 ಇದ್ದು 420 ಬಂದಿದ್ದರೆ ಗ್ಯಾಸ್ ಕಾರಣವೇ ಅಲ್ಲ, ಬೇರೆ ಹುಡುಕಲಿ. 150 ಬಂದಿದ್ದರೆ ತೂತು ಹುಡುಕಲಿ. ನೈಟ್ರೋಜನ್ ಹಾಕಿ ಸೋಪಿನ ನೊರೆ ಬಳಿಯಲಿ, ಬಣ್ಣ ಬಿಟ್ಟು ನೀಲಿ ದೀಪ ಹಿಡಿಯಲಿ, ಸೋರಿಕೆ ಪತ್ತೆ ಮಾಡುವ ಮೀಟರ್ ಹಿಡಿಯಲಿ. ಪಂಕ್ಚರ್ ಅಂಗಡಿಯ ಗಾಳಿ ಮಾತ್ರ ಒಳಗೆ ಹೊಡೆಯಬಾರದು. ಅದರಲ್ಲಿ ತೇವವಿದೆ. ತೇವ ಒಳಗೆ ಆಮ್ಲವಾಗಿ ತುಕ್ಕು ಹಿಡಿಸುತ್ತದೆ, ಕಿಂಡಿಯಲ್ಲಿ ಐಸಾಗಿ ಕೂರುತ್ತದೆ. ಅದಕ್ಕೇ ತೂತು ಮುಚ್ಚಿದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆಯಬೇಕು, ಡ್ರೈಯರ್ ಬದಲಿಸಬೇಕು. ಐದು ನಿಮಿಷ ಗುರ್ರೆನಿಸಿ ‘ಆಯ್ತು’ ಅನ್ನುವುದು ಪೂಜೆಯಲ್ಲಿ ಬರೀ ಗಂಟೆ ಬಾರಿಸಿ ಮಂತ್ರ ನುಂಗಿದ ಹಾಗೆ.

ಇನ್ನೂ ಕೆಟ್ಟದ್ದೊಂದಿದೆ. ಗ್ಯಾಸ್ ಕಡಿಮೆಯಾದಾಗ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಗ್ಯಾಸಿನ ಜೊತೆ ಎಣ್ಣೆ ಬಾರದಿದ್ದರೆ ಕಂಪ್ರೆಸರ್ ಒಣಗಿ ಸಾಯುತ್ತದೆಂದೇ ಆ ಏರ್ಪಾಡು. ಕೆಲವರು ಆ ಸ್ವಿಚ್ಚಿನ ಎರಡು ವೈರ್ ಜೋಡಿಸಿ ‘ಡೈರೆಕ್ಟ್’ ಕೊಟ್ಟು ಕಳಿಸುತ್ತಾರೆ. ಅವತ್ತಿನ ಮಟ್ಟಿಗೆ ಟಕ್ ಅನ್ನುತ್ತದೆ, ನಾಲ್ಕು ದಿನದಲ್ಲಿ ಕಂಪ್ರೆಸರ್ ಜಾಮ್. ಜಾಮ್ ಆದ ಕಂಪ್ರೆಸರ್ ಲೋಹದ ಪುಡಿಯನ್ನು ಪೈಪಿನ ತುಂಬ ಉಗುಳಿರುತ್ತದೆ. ಅದನ್ನು ತೊಳೆಯದೆ ಜೆ.ಸಿ. ರಸ್ತೆಯಿಂದ ಇನ್ನೊಂದು ತಂದು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಅಗ್ಗದ ಗ್ಯಾಸಿನ ಕಥೆ ಇನ್ನೂ ಭಯಂಕರ. 2011ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಹಡಗಿನ ಶೀತಲ ಕಂಟೇನರುಗಳು ಸಿಡಿದು ಮೂವರು ಕೆಲಸಗಾರರು ಸತ್ತರು. ಆರ್-134ಎ ಹೆಸರಿನಲ್ಲಿ ತುಂಬಿದ್ದ ನಕಲಿ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಇತ್ತು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಕಿದರೆ ಹೊತ್ತಿಕೊಳ್ಳುವ ವಸ್ತುವಾಗಿತ್ತು. ನಿಮ್ಮ ಕಾರಿನ ಕಂಡೆನ್ಸರೂ ಅಲ್ಯೂಮಿನಿಯಮ್ಮೇ. ಅಡಿಗೆ ಗ್ಯಾಸನ್ನೇ ಎಸಿಗೆ ಹಾಕಿಕೊಡುತ್ತೇನೆ, ಇನ್ನೂ ತಣ್ಣಗಾಗುತ್ತದೆ ಎನ್ನುವ ಮಹಾಶಯ ಸಿಕ್ಕಿದರೆ ಕೈ ಮುಗಿದು ಹೊರಟುಬಿಡಿ. ತಣ್ಣಗಾಗುವುದೇನೋ ನಿಜ. ಆದರೆ ಕೂಲಿಂಗ್ ಕಾಯಿಲ್ ಸೋರಿದರೆ ಆ ಗ್ಯಾಸ್ ಬರುವುದು ನೀವು, ನಿಮ್ಮ ಹೆಂಡತಿ ಮಕ್ಕಳು ಕೂತ ಕಡೆಗೇ. ಒಂದು ಕಿಡಿ ಸಾಕು.

ಸೋರಿದ ಗ್ಯಾಸು ಗಾಳಿಯಲ್ಲಿ ಕರಗಿ ಮಾಯವಾಗುತ್ತದೆ ಎಂದುಕೊಂಡವರಿಗೂ ಒಂದು ಮಾತು. ಹಿಂದೆ ಇದ್ದ ಆರ್-12 ಓಝೋನ್ ಪದರಕ್ಕೇ ತೂತು ಮಾಡಿತೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಹೊರಹಾಕಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ತೊಂದರೆ ಮಾಡದು. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಬಲಶಾಲಿ. 400 ಗ್ರಾಂ ಸೋರಿದರೆ ಇನ್ನೂರು ಲೀಟರ್ ಪೆಟ್ರೋಲ್ ಸುಟ್ಟ ಹೊಗೆಗಿಂತ ಹೆಚ್ಚು ಹಾನಿ. ಇಂಥ ಗ್ಯಾಸುಗಳನ್ನೂ ಇಳಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಹಾಕಿದೆ. ವರ್ಷಕ್ಕೆ ಮೂರು ಸಲ ತುಂಬಿಸುವವನು ಬೇಸಿಗೆಯನ್ನು ತಾನೇ ಕಾಸು ಕೊಟ್ಟು ಬಿಸಿ ಮಾಡಿಸಿಕೊಳ್ಳುತ್ತಿದ್ದಾನೆ!

ಗ್ಯಾರೇಜಿನವರೆಲ್ಲ ಕಳ್ಳರು ಎಂದು ನಾವು ಹೇಳುತ್ತಿಲ್ಲ. ಮಂಡ್ಯದಿಂದಲೋ ಸಿಂಧನೂರಿನಿಂದಲೋ ಬಂದು ಹದಿನೈದನೇ ವಯಸ್ಸಿಗೇ ಕೈ ಕಪ್ಪು ಮಾಡಿಕೊಂಡ ಹುಡುಗರಲ್ಲಿ, ಪೈಪ್ ಮುಟ್ಟಿಯೇ ರೋಗ ಹೇಳುವ ಜಾಣರಿದ್ದಾರೆ. ಅವರಿಗೆ ಹುಡುಕಲು ಪುರುಸೊತ್ತು ಕೊಡದವರು ನಾವು. ತೂತು ಹುಡುಕಲು ಅರ್ಧ ದಿನ ಬೇಕು, ಅದಕ್ಕಿಷ್ಟು ಕೂಲಿ ಅಂದರೆ ‘ಅದೆಲ್ಲ ಬೇಡ, ಗ್ಯಾಸ್ ಹಾಕಿ ಕಳಿಸು’ ಅನ್ನುವುದು ಯಾರು? ಹುಡುಕಿದ್ದಕ್ಕೆ ಕೂಲಿ ಕೊಡಿ. ಅದು ಗ್ಯಾಸಿಗೆ ಕೊಡುವ ಕಾಸಿಗಿಂತ ಲೇಸು.

ಇನ್ನು ಬಿಲ್ಲು. ದೊಡ್ಡ ಗಾಜಿನ ಸರ್ವಿಸ್ ಸೆಂಟರುಗಳಲ್ಲಿ ಟೈ ಕಟ್ಟಿದವನು ಇಂಗ್ಲಿಷಿನ ನಾಲ್ಕು ಸಾಲು ಹೊಡೆದು ‘ಎಸಿ ಜನರಲ್ ಟ್ರೀಟ್‌ಮೆಂಟ್’ ಅಂತ ಸಾವಿರಗಳನ್ನು ಬರೆದಾಗ ನಮ್ಮ ಹುಡುಗರು ತಲೆಯಾಡಿಸಿ ಬರುತ್ತಾರೆ. ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆ! ಯಾಕ್ರೀ ನಾಚಿಕೆ? ‘ತೂತು ಎಲ್ಲಿತ್ತು? ಎಷ್ಟು ಗ್ರಾಂ ಬಂತು? ಎಷ್ಟು ಗ್ರಾಂ ಹಾಕಿದಿರಿ?’ ಅಪ್ಪಟ ಕನ್ನಡದಲ್ಲಿ ಮೂರು ಪ್ರಶ್ನೆ. ಉತ್ತರ ಗೊತ್ತಿರುವವನು ಕನ್ನಡದಲ್ಲೇ ಹೇಳುತ್ತಾನೆ. ಗೊತ್ತಿಲ್ಲದವನಿಗೆ ಮಾತ್ರ ಇಂಗ್ಲಿಷು ಬೇಕಾಗುತ್ತದೆ. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ, ಗ್ರಾಂ ಲೆಕ್ಕವನ್ನು ಬಿಲ್ಲಿನಲ್ಲೇ ಬರೆಸಿ.

ಬ್ಯಾಟರಿ ಕಾರು ಓಡಿಸುವ ಗೆಳೆಯರು ಮೇಲೆ ಹೇಳಿದ ಬಾನೆಟ್ ಪರೀಕ್ಷೆಗಳಿಗೆ ಕೈಹಾಕಬೇಡಿ. ಅಲ್ಲಿ ಕಂಪ್ರೆಸರ್ ಓಡುವುದು ನೂರಾರು ವೋಲ್ಟಿನ ವಿದ್ಯುತ್ತಿನಲ್ಲಿ. ಕಿತ್ತಳೆ ಬಣ್ಣದ ವೈರು ಕಂಡರೆ ದೂರ ಇರಿ. ಫಿಲ್ಟರ್ ಬದಲಿಸಿಕೊಳ್ಳಬಹುದು, ಉಳಿದದ್ದು ಅದನ್ನು ಕಲಿತವರ ಕೆಲಸ. ಅದರ ಎಣ್ಣೆಯೂ ಬೇರೆ ಜಾತಿಯದು, ಸಿಕ್ಕಿದ್ದನ್ನು ಹಾಕಿದರೆ ಕಂಪ್ರೆಸರ್ ಹಾಳು. ಉಳಿದವರು ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಎಣ್ಣೆ ಸುತ್ತಿದರೆ ಶಾಫ್ಟಿನ ಸೀಲು ಒಣಗಿ ಬಿರಿಯುವುದಿಲ್ಲ. ಮುಂದಿನ ಮಾರ್ಚಿನಲ್ಲಿ ‘ಗ್ಯಾಸ್ ಖಾಲಿ ಸಾರ್’ ಅನ್ನುವವನ ಬಾಗಿಲಿಗೆ ನೀವು ಹೋಗಬೇಕಾಗಿಯೂ ಬಾರದು.